ತುಂಗೆ–ಭದ್ರೆಯರ ಜಮಾ–ಖರ್ಚು

ಅವಳಿ ನಗರಗಳ ಉದ್ಯಮಕ್ಕೆ ಬಂಡವಾಳವಾಗಿರುವ ಎರಡು ನದಿಗಳ ಲೆಕ್ಕಪತ್ರ

ಬಂಡವಾಳವೆಂದರೆ ಹಣ, ಸರಕು, ಯಂತ್ರ, ಕಟ್ಟಡ ಎಂದು ಎಣಿಸುವುದು ವ್ಯಾಪಾರಿ ವಲಯದ ರೂಢಿ. ಶಿವಮೊಗ್ಗ–ಭದ್ರಾವತಿಗಳ ಯಾವ ಸಂಸ್ಥೆಯ ಆಸ್ತಿ–ಹೊಣೆ ಪಟ್ಟಿಯಲ್ಲಿಯೂ ತುಂಗೆಯಾಗಲಿ ಭದ್ರೆಯಾಗಲಿ ನಮೂದಾಗಿರುವುದಿಲ್ಲ. ಹೀಗಿದ್ದರೂ ಅಡಿಕೆ ಮಂಡಿಯಿಂದ ಅಕ್ಕಿ ಗಿರಣಿಯವರೆಗೆ, ಎರಕದ ಕಾರ್ಖಾನೆಯಿಂದ ಹೋಟೆಲಿನವರೆಗೆ, ಈ ಎರಡು ನಗರಗಳ ವಹಿವಾಟು ನಿಂತಿರುವುದು ಈ ಎರಡು ನದಿಗಳ ಮೇಲೆಯೇ. ಒಂದು ಶತಮಾನದ ಹಿಂದೆ ಭದ್ರೆಯ ದಡದಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗಿನಿಂದ ಇಂದಿನವರೆಗೆ ನೀರು ಇದ್ದೇ ಇರುತ್ತದೆ ಎಂಬ ನಂಬಿಕೆಯಲ್ಲಿ ಉದ್ಯಮ ನಡೆದುಬಂದಿದೆ. ಆ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿ ನೋಡುವ ಕಾಲ ಈಗ ಬಂದಿದೆ.

ನೀರು ಕವಲೊಡೆಯುವ ಜಿಲ್ಲೆ

ಶಿವಮೊಗ್ಗ ಜಿಲ್ಲೆಯ ಭೂಪಟವನ್ನು ಗಮನಿಸಿದರೆ ಒಂದು ವಿಶೇಷ ಎದ್ದು ಕಾಣುತ್ತದೆ. ಪಶ್ಚಿಮಘಟ್ಟದ ಏಣು ಈ ಜಿಲ್ಲೆಯಲ್ಲಿ ನೀರನ್ನು ಎರಡು ಪಾಲು ಮಾಡುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹರಿದ್ರಾವತಿಯೇ ಮೊದಲಾದ ಹೊಳೆಗಳನ್ನು ಕೂಡಿಸಿಕೊಂಡು ಪಶ್ಚಿಮಕ್ಕೆ ತಿರುಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ವರಾಹಿಯೂ ಪಶ್ಚಿಮಾಭಿಮುಖಿ. ಇವೆರಡೂ ವಿದ್ಯುತ್ತಿನ ನದಿಗಳು. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಜಲಾಶಯ ಇವುಗಳಿಂದಾಗಿ ಶರಾವತಿಯ ನೀರು ನಾಡಿಗೆಲ್ಲ ಬೆಳಕಾಯಿತು.

ಪೂರ್ವಕ್ಕೆ ಹರಿಯುವ ನದಿಗಳದು ಬೇರೆಯೇ ಕಥೆ. ಅವು ಅನ್ನದ ಮತ್ತು ಉದ್ಯಮದ ನದಿಗಳು. ಸಾಗರ ತಾಲ್ಲೂಕಿನ ಇಕ್ಕೇರಿಯ ಸಮೀಪ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಸೊರಬದ ದಂಡಾವತಿಯನ್ನು ಕೂಡಿಸಿಕೊಂಡು ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಹುಂಚದ ಕಡೆಯಿಂದ ಹೊರಡುವ ಕುಮುದ್ವತಿಯು ಶಿಕಾರಿಪುರ ಸೀಮೆಗೆ ನೀರುಣಿಸಿ, ಪುರಾತನ ಮದಗದ ಕೆರೆಯನ್ನು ತುಂಬಿ ಅದೇ ನದಿಯನ್ನು ಕೂಡುತ್ತದೆ. ಇವೆಲ್ಲಕ್ಕೂ ಹಿರಿಯರೆಂದರೆ ತುಂಗಾ ಮತ್ತು ಭದ್ರಾ.

ಎರಡರ ತವರೂ ಒಂದೇ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯ ವರಾಹ ಪರ್ವತದಲ್ಲಿ ಗಂಗಾಮೂಲವೆಂಬ ತಾಣದಲ್ಲಿ ಇವು ಹುಟ್ಟುತ್ತವೆ. ಒಂದೇ ಮನೆಯ ಅಕ್ಕತಂಗಿಯರು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದಂತೆ, ತುಂಗೆ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರುಗಳ ದಾರಿ ಹಿಡಿದು ಶಿವಮೊಗ್ಗಕ್ಕೆ ಬರುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಗಳ ದಾರಿಯಲ್ಲಿ ಭದ್ರಾವತಿಗೆ ಬರುತ್ತದೆ. ತುಂಗೆ ಸುಮಾರು 147 ಕಿ.ಮೀ., ಭದ್ರೆ ಸುಮಾರು 178 ಕಿ.ಮೀ. ಹರಿದ ಮೇಲೆ, ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ತುಂಗಭದ್ರೆಯಾಗಿ 531 ಕಿ.ಮೀ. ಸಾಗಿ ಆಂಧ್ರಪ್ರದೇಶದ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಸೇರುತ್ತದೆ.

ಚಾಲ್ತಿ ಖಾತೆ ಮತ್ತು ಠೇವಣಿ

ಹುಟ್ಟು ಒಂದೇ ಆದರೂ ಎರಡು ನದಿಗಳ ಸ್ವಭಾವ ಬೇರೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ತುಂಗೆ ಚಾಲ್ತಿ ಖಾತೆ, ಭದ್ರೆ ಠೇವಣಿ.

ತುಂಗೆಯ ಮೇಲ್ಭಾಗದಲ್ಲಿ ದೊಡ್ಡ ಜಲಾಶಯವೆಂಬುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನ ನೀರನ್ನು ಮಾಲತಿಯಂತಹ ಉಪನದಿಗಳು ಹೊತ್ತು ತಂದು ತುಂಗೆಗೆ ಸುರಿಯುತ್ತವೆ. ಗಾಜನೂರಿನ ತುಂಗಾ ಮೇಲ್ದಂಡೆ ಅಣೆಕಟ್ಟೆಯ ಸಂಗ್ರಹ ಸಾಮರ್ಥ್ಯ ಕೇವಲ 3.24 ಟಿ.ಎಂ.ಸಿ. ಆದ್ದರಿಂದ ಬಂದ ನೀರು ಬಂದ ಹಾಗೆಯೇ ಮುಂದಕ್ಕೆ ಹರಿದುಹೋಗುತ್ತದೆ. ಜುಲೈ ತಿಂಗಳಿನಲ್ಲಿ ಘಟ್ಟದಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದರೆ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂಬ ಸುದ್ದಿ ಊರೆಲ್ಲ ಹಬ್ಬುತ್ತದೆ. ನಗರದ ಜನರಿಗೆ ಆ ಮಂಟಪವೇ ನೆರೆಯ ಅಳತೆಗೋಲು. 2019ರ ಆಗಸ್ಟ್‌ನಲ್ಲಿ ನದಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಮನೆಗಳೊಂದಿಗೆ ಅಂಗಡಿ, ದಾಸ್ತಾನು ಕೊಠಡಿಗಳೂ ನೀರು ಕಂಡವು. ಅದೇ ತುಂಗೆ ಮಾರ್ಚ್ ಕಳೆಯುವಷ್ಟರಲ್ಲಿ ಬಂಡೆಗಳ ನಡುವೆ ತೆಳುವಾಗಿ ಹರಿಯುತ್ತದೆ.

ಭದ್ರೆಯನ್ನು ಲಕ್ಕವಳ್ಳಿಯಲ್ಲಿ ಕಟ್ಟಿ ನಿಲ್ಲಿಸಲಾಗಿದೆ. 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿ.ಎಂ.ಸಿ. ಅಂದರೆ ಗಾಜನೂರಿನ ಇಪ್ಪತ್ತೆರಡು ಪಟ್ಟು. ಹೆಬ್ಬೆಯ ಬಳಿ ಬಂದು ಸೇರುವ ಸೋಮವಾಹಿನಿಯೂ ಸೇರಿದಂತೆ ಕಾಡಿನ ಹಳ್ಳಗಳ ಮಳೆಗಾಲದ ನೀರೆಲ್ಲ ಇಲ್ಲಿ ಠೇವಣಿಯಾಗಿ, ಬೇಸಿಗೆಯಲ್ಲಿ ನಾಲೆಗಳ ಮೂಲಕ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಗದ್ದೆ–ತೋಟಗಳಿಗೆ ಹಂಚಿಹೋಗುತ್ತದೆ. ಒಂದು ಲಕ್ಷ ಹೆಕ್ಟೇರಿಗೂ ಮಿಗಿಲಾದ ಅಚ್ಚುಕಟ್ಟು ಈ ಠೇವಣಿಯ ಬಡ್ಡಿಯಲ್ಲಿ ಬದುಕುತ್ತಿದೆ. ಜಲಾಶಯ ತುಂಬಿ ಗೇಟುಗಳನ್ನು ತೆರೆದಾಗ ಭದ್ರಾವತಿಯ ತಗ್ಗಿನ ಹೊಸ ಸೇತುವೆ ಮುಳುಗಿ ಕವಲಗುಂದಿಯಂತಹ ದಡದ ಬಡಾವಣೆಗಳು ಆತಂಕ ಪಡುವುದು ಉಂಟಾದರೂ, ಬೇಸಿಗೆಯ ಮಟ್ಟಿಗೆ ಭದ್ರಾವತಿಗೆ ಶಿವಮೊಗ್ಗಕ್ಕಿಲ್ಲದ ಭದ್ರತೆ ಇದೆ.

ಕುಲುಮೆಯನ್ನು ಕರೆತಂದ ನದಿ

ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿಯೆಂಬ ಉಕ್ಕಿನ ನಗರವಾದದ್ದು ಆಕಸ್ಮಿಕವಲ್ಲ. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸುತ್ತಲಿನ ಕಾಡಿನಲ್ಲಿ ಇದ್ದಿಲಿಗೆ ಸೌದೆ, ಬೀರೂರು–ಶಿವಮೊಗ್ಗ ರೈಲು ಮಾರ್ಗ, ಇವುಗಳ ನಡುವೆ ಹರಿಯುವ ಭದ್ರಾ ನದಿ: ಈ ನಾಲ್ಕೂ ಒಂದೆಡೆ ದೊರೆತದ್ದರಿಂದಲೇ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ನೆಲೆಗೊಳಿಸಿತು. 1918ರಲ್ಲಿ ಆರಂಭವಾದ ಕಾರ್ಯ 1923ರಲ್ಲಿ ಉತ್ಪಾದನೆಯ ಹಂತ ತಲುಪಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆರಂಭದ ಕಷ್ಟಕಾಲದಲ್ಲಿ ಆಡಳಿತದ ಹೊಣೆ ಹೊತ್ತು ಕಾರ್ಖಾನೆಯನ್ನು ನಿಲ್ಲಿಸಿದರು. ಮುಂದೆ ಅವರ ಹೆಸರೇ ಅದಕ್ಕೆ ಬಂದಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಇದೇ ನದಿಯ ನೀರನ್ನೂ ಇದೇ ಕಾಡಿನ ಬಿದಿರನ್ನೂ ನಂಬಿ ಬಂದದ್ದು. ಕಾಗದ ತಯಾರಿಕೆಯಷ್ಟು ನೀರು ಬೇಡುವ ಉದ್ಯಮಗಳು ಕೆಲವೇ.

ಈ ಎರಡು ಕಾರ್ಖಾನೆಗಳ ಸುತ್ತ ಒಂದು ನಗರವೇ ಬೆಳೆಯಿತು. ಸಣ್ಣ ಕೈಗಾರಿಕೆಗಳು, ಲಾರಿ ಸಾಗಣೆ, ದಿನಸಿ–ಜವಳಿ ಅಂಗಡಿಗಳು ಎಲ್ಲವೂ ತಿಂಗಳ ಮೊದಲ ವಾರದ ಸಂಬಳದ ಹಣದಿಂದ ನಡೆದವು. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾಗಿ, ಕಾರ್ಮಿಕರ ಹೋರಾಟದ ನಂತರ ಅದೇ ವರ್ಷದ ಆಗಸ್ಟ್‌ನಲ್ಲಿ ಭಾಗಶಃ ಕೆಲಸ ಮತ್ತೆ ಶುರುವಾಯಿತು. ಇದರ ಪರಿಣಾಮ ಜನಗಣತಿಯಲ್ಲಿ ಮೊದಲೇ ಕಾಣಿಸಿಕೊಂಡಿತ್ತು. 2001ರಲ್ಲಿ ಸುಮಾರು 1.60 ಲಕ್ಷವಿದ್ದ ಭದ್ರಾವತಿಯ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಶಿವಮೊಗ್ಗ 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು.

ಭದ್ರಾವತಿಯ ಪುನಶ್ಚೇತನದ ಮಾತು ಬಂದಾಗಲೆಲ್ಲ ಅದಿರಿನ ಗಣಿ, ಬಂಡವಾಳ, ರಾಜಕೀಯ ಇಚ್ಛಾಶಕ್ತಿ ಇವುಗಳ ಚರ್ಚೆಯೇ ನಡೆಯುತ್ತದೆ. ಅದಿರನ್ನು ದೂರದಿಂದ ತರಿಸಬಹುದು, ಹಣವನ್ನು ಸಾಲವಾಗಿ ಪಡೆಯಬಹುದು. ನದಿಯನ್ನು ತರಿಸಲಾಗದು. ಕಾರ್ಖಾನೆಗಳು ನಿಂತ ವರ್ಷಗಳಲ್ಲಿ ನದಿಯ ನೀರಿಗೆ ಹೊಸ ಹಕ್ಕುದಾರರು ಬಂದಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹೊಸ ಹಕ್ಕುದಾರರು

ಮೊದಲನೆಯದು ಭದ್ರಾ ಮೇಲ್ದಂಡೆ ಯೋಜನೆ. ಇದರಂತೆ ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಮುತ್ತಿನಕೊಪ್ಪದ ಬಳಿ ಎತ್ತಿ ಭದ್ರಾ ಜಲಾಶಯಕ್ಕೆ ಹರಿಸಿ, ಅಲ್ಲಿಂದ ಒಟ್ಟು 29.90 ಟಿ.ಎಂ.ಸಿ.ಯನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರಪೀಡಿತ ಪ್ರದೇಶಕ್ಕೆ ಒಯ್ಯಬೇಕು; ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಬೇಕು. 2023–24ರ ಕೇಂದ್ರ ಮುಂಗಡಪತ್ರದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಲಾಯಿತು. ನಿಸರ್ಗವು ಕೂಡ್ಲಿಯಲ್ಲಿ ಮಾಡುವ ಸಂಗಮವನ್ನು ಈ ಯೋಜನೆ ಘಟ್ಟದ ಸೆರಗಿನಲ್ಲಿಯೇ ಮಾಡಿಸುತ್ತದೆ ಎನ್ನಬಹುದು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ, ಆ ವರ್ಷದ ಅಪಾರ ಮಳೆಯ ಜೊತೆಗೆ ಭದ್ರೆಯಿಂದ ಹರಿದುಬಂದ ನೀರಿನ ಪಾಲೂ ಇತ್ತು. ಬಯಲುಸೀಮೆಯ ಜನರ ದಶಕಗಳ ಬಾಯಾರಿಕೆಯನ್ನು ಬಲ್ಲವರಾರೂ ಈ ನೀರನ್ನು ಆಕ್ಷೇಪಿಸಲಾರರು. ಆದರೆ ಖಾತೆಯಿಂದ ಹೊಸ ಖರ್ಚು ಹೊರಟಿದೆ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯದು ಅಚ್ಚುಕಟ್ಟಿನ ಒಳಗಿನ ಬದಲಾವಣೆ. ಭತ್ತ, ಕಬ್ಬಿಗೆಂದು ರೂಪಿಸಿದ ನಾಲೆಗಳ ಕೆಳಗೆ ಅಡಿಕೆ ತೋಟ ವಿಸ್ತರಿಸುತ್ತ ಬಂದಿದೆ. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಧಾರಣೆಯನ್ನು ದಿನವೂ ನೋಡುವ ಶಿವಮೊಗ್ಗದ ವರ್ತಕರಿಗೆ ಇದು ಸಂತಸದ ಸಂಗತಿಯೇ. ಆದರೆ ಭತ್ತದ ರೈತ ನೀರಿಲ್ಲದ ವರ್ಷ ಒಂದು ಬೆಳೆಯನ್ನು ಬಿಡಬಲ್ಲ. ಅಡಿಕೆಯ ರೈತ ತೋಟವನ್ನು ಒಂದು ಬೇಸಿಗೆಗೆಂದು ಬಿಡಲಾರ. ನೀರಿನ ಬೇಡಿಕೆ ಹೀಗೆ ಖಾಯಂ ಸ್ವರೂಪದ್ದಾಗುತ್ತದೆ. 2023ರ ಮಳೆ ಕೊರತೆಯ ವರ್ಷದಲ್ಲಿ ನಾಲೆಗೆ ನೀರು ಬಿಡುವ, ನಿಲ್ಲಿಸುವ ಕ್ರಮದ ಬಗ್ಗೆ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. 2025ರಲ್ಲಿ ಬಲದಂಡೆ ನಾಲೆಯಿಂದ ಕುಡಿಯುವ ನೀರಿಗಾಗಿ ಕೊಳವೆ ಒಯ್ಯುವ ಕಾಮಗಾರಿಗೂ ವಿರೋಧ ವ್ಯಕ್ತವಾಯಿತು. ಒಬ್ಬರ ಕುಡಿಯುವ ನೀರು ಇನ್ನೊಬ್ಬರ ಗದ್ದೆಯ ನೀರಾಗಿರುವಾಗ ಇಂತಹ ಘರ್ಷಣೆ ಸಹಜ.

ಮೂರನೆಯವರು ನದಿಯ ಕೆಳಗಿನವರು. ಹರಿಹರ, ದಾವಣಗೆರೆಗಳು ಕುಡಿಯುವ ನೀರಿಗೆ ತುಂಗಭದ್ರೆಯನ್ನು ಆಶ್ರಯಿಸಿವೆ. ಇನ್ನೂ ಕೆಳಗೆ ಹೊಸಪೇಟೆಯ ತುಂಗಭದ್ರಾ ಜಲಾಶಯವಿದೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ.ಯಷ್ಟಿದ್ದ ಅದರ ಸಾಮರ್ಥ್ಯ ಹೂಳಿನಿಂದಾಗಿ 105.788 ಟಿ.ಎಂ.ಸಿ.ಗೆ ಕುಗ್ಗಿದೆ. ಮೇಲ್ಭಾಗದಲ್ಲಿ ಮಣ್ಣು ಸಡಿಲವಾದರೆ ಅದರ ಬೆಲೆಯನ್ನು ನೂರಾರು ಕಿಲೋಮೀಟರ್ ದೂರದವರು ತೆರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಭದ್ರೆಯ ಉಗಮದ ಸಮೀಪ ಕುದುರೆಮುಖದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ನಿಂತದ್ದರ ಹಿಂದೆಯೂ ಕಾಡಿನ ಜೊತೆಗೆ ನದಿಯ ಹೂಳಿನ ಕಳವಳವಿತ್ತು.

ಅವಳಿ ನಗರಗಳ ಲೆಕ್ಕ

ಇಷ್ಟು ಹಕ್ಕುದಾರರ ನಡುವೆ ಎರಡು ನಗರಗಳು ಎಷ್ಟು ನೀರು ಪಡೆಯುತ್ತವೆ? 2011ರ ಜನಗಣತಿಯಂತೆ ಎರಡೂ ಸೇರಿ ಸುಮಾರು 4.73 ಲಕ್ಷ ಜನ. ಒಳಚರಂಡಿಯುಳ್ಳ ನಗರಗಳಿಗೆ ನಿಗದಿಯಾಗಿರುವಂತೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ದಿನಕ್ಕೆ ಸುಮಾರು 6.4 ಕೋಟಿ ಲೀಟರ್ ಬೇಕು. ವರ್ಷಕ್ಕೆ ಸುಮಾರು 2,330 ಕೋಟಿ ಲೀಟರ್. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಅಂದರೆ ಅಲ್ಲಿಂದೀಚೆಗೆ ಬೆಳೆದ ಜನಸಂಖ್ಯೆಯನ್ನು ಸೇರಿಸಿಕೊಂಡರೂ ಎರಡು ನಗರಗಳ ಮನೆಬಳಕೆ ವರ್ಷಕ್ಕೆ ಒಂದು ಟಿ.ಎಂ.ಸಿ.ಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೂರು ಮೂಟೆಯ ದಾಸ್ತಾನಿನಲ್ಲಿ ಒಂದು ಮೂಟೆಯಷ್ಟು.

ಪಡೆಯುವುದು ಅಲ್ಪ. ಹಿಂದಿರುಗಿಸುವುದರಲ್ಲಿ ತೊಡಕಿದೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡ 80 ಭಾಗ ಕೊಳೆ ನೀರಾಗಿ ಹೊರಬೀಳುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಅದರಂತೆ ದಿನಕ್ಕೆ 5 ಕೋಟಿ ಲೀಟರಿಗೂ ಹೆಚ್ಚು ಕೊಳೆ ನೀರು ಈ ಎರಡು ನಗರಗಳಿಂದ ಹೊರಡುತ್ತದೆ. ಅದು ಶುದ್ಧಗೊಂಡು ನದಿ ಸೇರಿದರೆ ಪಡೆದ ಸಾಲದ ಐದರಲ್ಲಿ ನಾಲ್ಕು ಪಾಲು ತೀರಿದಂತೆ. ಹಾಗೆಯೇ ಸೇರಿದರೆ ನದಿಯಲ್ಲಿರುವ ಉಳಿದ ನೀರೂ ಕೆಟ್ಟಿತು. ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಶಿವಮೊಗ್ಗ, ಭದ್ರಾವತಿಗಳೆರಡೂ ಸೇರಿದ್ದವು. ಆದರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಗಳ ಪಟ್ಟಿಯಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಇದ್ದವು. ತುಂಗೆಯಲ್ಲಿ ಗುರುತಿಸಿದ್ದು ಶಿವಮೊಗ್ಗದಿಂದ ಕೂಡ್ಲಿಯವರೆಗಿನ ಭಾಗವನ್ನು. ಕುಡಿದರೆ ತುಂಗೆಯ ನೀರು, ಮಿಂದರೆ ಗಂಗೆಯ ನೀರು ಎಂಬ ಮಾತಿರುವ ನಾಡಿನಲ್ಲಿ ಊರಿನ ಮೇಲೆ ತಿಳಿಯಾಗಿದ್ದ ನದಿ ಊರು ದಾಟುವಷ್ಟರಲ್ಲಿ ಕೆಡುತ್ತದೆ ಎಂಬುದೇ ಇದರ ಅರ್ಥ.

ದೋಷವನ್ನು ಮನೆಗಳ ಮೇಲೆ ಮಾತ್ರ ಹೊರಿಸಿ ವ್ಯಾಪಾರಿ ವಲಯ ಸುಮ್ಮನಿರುವಂತಿಲ್ಲ. ಹೋಟೆಲು, ಕಲ್ಯಾಣ ಮಂಟಪಗಳ ಜಿಡ್ಡು, ಗ್ಯಾರೇಜುಗಳ ಎಣ್ಣೆ, ಕುಸುಬಲಕ್ಕಿ ಗಿರಣಿಗಳಲ್ಲಿ ಭತ್ತ ನೆನೆಸಿದ ನೀರು, ಮಾರುಕಟ್ಟೆಯ ಕಸ ಇವೆಲ್ಲ ಚರಂಡಿ, ರಾಜಾಕಾಲುವೆಗಳ ದಾರಿಯಲ್ಲಿ ನದಿಗೆ ಹೋಗಬಲ್ಲವು. ಮಳೆಗಾಲದ ತುಂಗೆ ಇದನ್ನೆಲ್ಲ ತೊಳೆದುಬಿಡುತ್ತದೆ. ಏಪ್ರಿಲ್ ತಿಂಗಳ ತುಂಗೆಗೆ ಆ ಶಕ್ತಿ ಇಲ್ಲ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಈ ಸಂಗತಿಯನ್ನು ದಡದ ಊರೂರಿಗೆ ಮುಟ್ಟಿಸಿತು.

ಬೇರೆಡೆಯ ಪಾಠ

ಎರಡು ನದಿ, ಉಕ್ಕು, ಕುಸಿತ: ಈ ಮೂರನ್ನೂ ಕಂಡ ಇನ್ನೊಂದು ನಗರ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿದೆ. ಪಿಟ್ಸ್‌ಬರ್ಗ್ ನಗರದ ನಡುವೆ ಅಲೆಗೇನಿ ಮತ್ತು ಮನಾಂಗಹೀಲ ನದಿಗಳು ಕೂಡಿ ಒಹಾಯೊ ನದಿಯಾಗುತ್ತವೆ. 1980ರ ದಶಕದಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1950ರಲ್ಲಿ 6.7 ಲಕ್ಷ ದಾಟಿದ್ದ ಜನಸಂಖ್ಯೆ 2020ರಲ್ಲಿ 3 ಲಕ್ಷದಷ್ಟಾಯಿತು. ಆ ನಗರ ಶಿಕ್ಷಣ, ವೈದ್ಯಕೀಯ, ತಂತ್ರಜ್ಞಾನಗಳ ಕಡೆಗೆ ತಿರುಗಿದಾಗ, ಒಂದು ಕಾಲದಲ್ಲಿ ಕಾರ್ಖಾನೆಗಳ ಹಿತ್ತಿಲಾಗಿದ್ದ ನದಿದಂಡೆಗಳನ್ನು ಊರಿನ ಮುಂಬಾಗಿಲಾಗಿ ಮಾಡಿಕೊಂಡಿತು. ಎರಡೂ ಪರಿಸ್ಥಿತಿಗಳು ಒಂದೇ ಅಲ್ಲ. ಬಿಟ್ಟುಹೋದ ಉದ್ಯಮದ ನಂತರವೂ ಉಳಿಯುವ ಆಸ್ತಿ ನದಿಯೇ ಎಂಬ ಮಾತು ಮಾತ್ರ ಎರಡೂ ಕಡೆ ಸಲ್ಲುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಸೂರತ್. ಅಲ್ಲಿನ ಮಹಾನಗರಪಾಲಿಕೆ 2014ರಿಂದ ಕೊಳೆ ನೀರನ್ನು ಉನ್ನತ ಮಟ್ಟದಲ್ಲಿ ಶುದ್ಧೀಕರಿಸಿ, ದಿನಕ್ಕೆ 4 ಕೋಟಿ ಲೀಟರ್ ಸಾಮರ್ಥ್ಯದ ಘಟಕದಿಂದ ಪಾಂಡೇಸರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬೆಲೆಗೆ ಮಾರುತ್ತಿದೆ. ಕರ್ನಾಟಕ ಸರ್ಕಾರವೂ 2017ರಲ್ಲಿ ನಗರಗಳ ತ್ಯಾಜ್ಯ ನೀರಿನ ಮರುಬಳಕೆ ನೀತಿಯನ್ನು ಪ್ರಕಟಿಸಿದೆ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ.

ಮುಂದಿನ ದಾರಿ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸುಮಾರು 20 ಕಿ.ಮೀ. ಅಂತರ. ಆ ದಾರಿಯಲ್ಲಿಯೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಎರಡು ನಗರಗಳ ಸಂಸ್ಕರಿತ ನೀರಿಗೆ ಇದಕ್ಕಿಂತ ಅನುಕೂಲವಾದ ಗಿರಾಕಿ ಸಿಗುವುದು ಕಷ್ಟ. ಎರಕದ ಕಾರ್ಖಾನೆಗಳ ತಂಪುಗೊಳಿಸುವ ಕೆಲಸಕ್ಕೆ, ಬಾಯ್ಲರುಗಳಿಗೆ, ಉದ್ಯಾನ–ಕಟ್ಟಡ ಕಾಮಗಾರಿಗಳಿಗೆ ಕುಡಿಯುವ ದರ್ಜೆಯ ನೀರು ಬೇಕಿಲ್ಲ. ಆಯಾ ಬಳಕೆಗೆ ತಕ್ಕಷ್ಟು ಶುದ್ಧವಾದ ಮತ್ತು ಬೇಸಿಗೆಯಲ್ಲಿಯೂ ನಿಲ್ಲದ ನೀರು ಸಾಕು. ನಗರದ ಕೊಳೆ ನೀರಿನ ವಿಶೇಷವೇ ಅದು. ಮಳೆ ಬರಲಿ ಬಿಡಲಿ, ಪ್ರತಿದಿನ ಅಷ್ಟೇ ಪ್ರಮಾಣದಲ್ಲಿ ಬರುತ್ತದೆ. ನಾಲೆಯ ನೀರಿಗಾಗಿ ಮೂರು ಜಿಲ್ಲೆಗಳ ರೈತರೊಡನೆ ಸ್ಪರ್ಧಿಸುವ ಉದ್ಯಮಕ್ಕಿಂತ ಊರಿನ ಹೊಲಸನ್ನು ನೀರಾಗಿ ಪರಿವರ್ತಿಸಿ ಬಳಸುವ ಉದ್ಯಮಕ್ಕೆ ಭವಿಷ್ಯ ಹೆಚ್ಚು ಭದ್ರ. ಭದ್ರಾವತಿಗೆ ಹೊಸ ಬಂಡವಾಳವನ್ನು ಕರೆಯುವಾಗ ಜಮೀನಿನ ದರದೊಂದಿಗೆ ಇಂತಹ ನೀರಿನ ಖಾತರಿಯನ್ನೂ ಮುಂದಿಡಬಹುದು.

ಇದಕ್ಕೆ ಮೊದಲು ಸಣ್ಣ ಕೆಲಸಗಳಿವೆ. ಪ್ರತಿ ಹೋಟೆಲು, ಕಲ್ಯಾಣ ಮಂಟಪದಲ್ಲಿ ಜಿಡ್ಡು ತಡೆಯುವ ತೊಟ್ಟಿ. ಪ್ರತಿ ಗ್ಯಾರೇಜಿನಲ್ಲಿ ಬಳಸಿದ ಎಣ್ಣೆಯನ್ನು ಕೂಡಿಟ್ಟು ಮರುಸಂಸ್ಕರಣೆಗೆ ಕೊಡುವ ಏರ್ಪಾಡು. ಪ್ರತಿ ಕಾರ್ಖಾನೆಯಲ್ಲಿ ಒಳಬರುವ ಮತ್ತು ಹೊರಹೋಗುವ ನೀರಿಗೆ ಮೀಟರು. ಸರಕಿನ ದಾಸ್ತಾನು ಪುಸ್ತಕವನ್ನು ದಿನವೂ ಬರೆಯುವ ವರ್ತಕನಿಗೆ ನೀರಿನ ದಾಸ್ತಾನು ಬರೆಯುವುದು ಹೊಸ ವಿದ್ಯೆಯೇನಲ್ಲ. ಭದ್ರಾ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಶಿವಮೊಗ್ಗದಲ್ಲಿಯೇ ಇದೆ. ನೀರು ಬಿಡುವ ದಿನಾಂಕಗಳ ಚರ್ಚೆಯಲ್ಲಿ ರೈತ ಸಂಘಟನೆಗಳ ಧ್ವನಿ ಕೇಳುವಂತೆ ಉದ್ಯಮದ ಧ್ವನಿಯೂ ಕೇಳಬೇಕಾದರೆ, ಉದ್ಯಮವು ಕೈಯಲ್ಲಿ ತನ್ನ ಲೆಕ್ಕ ಹಿಡಿದು ಹೋಗಬೇಕು: ಇಷ್ಟು ಪಡೆದೆವು, ಇಷ್ಟನ್ನು ಶುದ್ಧವಾಗಿ ಹಿಂದಿರುಗಿಸಿದೆವು ಎಂದು.

ಕೂಡ್ಲಿಯಲ್ಲಿ ಎರಡು ನದಿಗಳು ಸೇರುವ ಸ್ಥಳ ಒಂದು ಸಣ್ಣ ಗ್ರಾಮ. ಶಿವಮೊಗ್ಗ ಮಾಡಿದ್ದೂ ಭದ್ರಾವತಿ ಮಾಡಿದ್ದೂ ಅಲ್ಲಿ ಒಂದೇ ಖಾತೆಗೆ ಜಮೆಯಾಗಿ ಹೊನ್ನಾಳಿ, ಹರಿಹರಗಳ ಕಡೆಗೆ ಹೊರಡುತ್ತದೆ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವ ವಾಣಿಜ್ಯ ಸಮುದಾಯವು ಆ ತಿಂಗಳ ಕೂಡ್ಲಿಯ ನೀರಿನ ಗುಣವನ್ನೂ ತನ್ನ ವಾರ್ಷಿಕ ವರದಿಯ ಒಂದು ಸಾಲಾಗಿ ಸೇರಿಸಿಕೊಂಡರೆ, ಅವಳಿ ನಗರಗಳ ಉದ್ಯಮದ ನಿಜವಾದ ಲಾಭ–ನಷ್ಟ ಅಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ.